ಕತ್ತಲೆಯ ದಾರಿಯಲ್ಲಿ ಮೋಟಾರುಸೈಕಲ್ಲು: ಬ್ರಿಟನ್ನಿನ ಯುದ್ಧಕಾಲದ ಒಂದು ಪಾಠ

ಇರುಳಿನಲ್ಲಿ ಮೋಟಾರುಸೈಕಲ್ಲಿನ ಸವಾರಿ ಅಪಾಯಕರವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಆ ಅಪಾಯದಲ್ಲಿ ಕತ್ತಲೆಯ ಪಾಲೆಷ್ಟು, ವೇಗದ ಪಾಲೆಷ್ಟು ಎಂದು ಬೇರ್ಪಡಿಸಿ ತಿಳಿಯುವುದು ಸುಲಭವಲ್ಲ. ಇಡೀ ದೇಶವೊಂದು ತನ್ನ ದೀಪಗಳನ್ನು ಒಮ್ಮೆಗೇ ಆರಿಸಿದ ನಿದರ್ಶನವು ಚರಿತ್ರೆಯಲ್ಲಿ ದೊರೆಯುವುದರಿಂದ, ಅದನ್ನು ಆಧರಿಸಿ ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

1939ರ ಸೆಪ್ಟೆಂಬರ್ 1ರಂದು ಬ್ರಿಟನ್ನಿನಲ್ಲಿ ‘ಬ್ಲ್ಯಾಕ್‌ಔಟ್’ ಜಾರಿಗೆ ಬಂದಿತು. ಶತ್ರುವಿಮಾನಗಳಿಗೆ ಊರುಗಳ ಗುರುತು ಸಿಕ್ಕಬಾರದೆಂದು ಬೀದಿದೀಪಗಳನ್ನು ಆರಿಸಿದರು. ವಾಹನಗಳ ಮುಂದೀಪಗಳಿಗೆ ಮರೆ ಕಟ್ಟಿಸಿದರು. ಆ ತಿಂಗಳು ರಸ್ತೆಗಳಲ್ಲಿ ಮಡಿದವರ ಸಂಖ್ಯೆಯು ಹಿಂದಿನ ವರ್ಷದ ಅದೇ ತಿಂಗಳಿನದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಬಳಿಕ 1940ರ ಫೆಬ್ರವರಿ 1ರಿಂದ ಜನವಸತಿಯ ಪ್ರದೇಶಗಳಲ್ಲಿ ರಾತ್ರಿಯ ವೇಗವನ್ನು ಗಂಟೆಗೆ 20 ಮೈಲಿಗೆ ಮಿತಗೊಳಿಸಲಾಯಿತು.

ಈ ಮಿತಿಯ ಹಿಂದಿರುವ ಲೆಕ್ಕ ಸರಳವಾದುದು. ಗಂಟೆಗೆ 30 ಮೈಲಿ ಓಡುವ ವಾಹನ ಒಂದು ಸೆಕೆಂಡಿಗೆ 44 ಅಡಿ ಸಾಗುತ್ತದೆ. 20 ಮೈಲಿಯಾದರೆ ಸುಮಾರು 29 ಅಡಿ. ಅಡ್ಡಿಯನ್ನು ಕಂಡು ಬ್ರೇಕು ಒತ್ತುವಷ್ಟರಲ್ಲಿಯೇ ಅಷ್ಟು ನೆಲ ಕಳೆದಿರುತ್ತದೆ. ನಿಲ್ಲಲು ಬೇಕಾದ ದೂರವು ದೀಪ ತೋರುವ ದೂರವನ್ನು ಮೀರಿತೆಂದರೆ, ಸವಾರನು ಕಾಣದ ನೆಲದ ಮೇಲೆಯೇ ಓಡುತ್ತಿರುತ್ತಾನೆ. ಕಾರು ಕುಲುಕಿ ದಾಟಿಬಿಡುವ ಗುಂಡಿ ಎರಡು ಗಾಲಿಗಳ ವಾಹನವನ್ನು ಕೆಡವಬಲ್ಲದು. ಎದುರಿನಿಂದ ಬರುವವನಿಗೂ ಒಂಟಿದೀಪದಿಂದ ಅದರ ದೂರವಾಗಲಿ ವೇಗವಾಗಲಿ ಸರಿಯಾಗಿ ತಿಳಿಯದು.

ಶಸ್ತ್ರವೈದ್ಯರಾದ ಹ್ಯೂ ಕೇರ್ನ್ಸ್ ಅವರು 1941ರಲ್ಲಿ ಪ್ರಕಟಿಸಿದ ಲೇಖನದ ಅಂಕಿಗಳು ಇಲ್ಲಿ ಗಮನಾರ್ಹವಾಗಿವೆ. ಯುದ್ಧಕ್ಕೆ ಮುಂಚಿನ 21 ತಿಂಗಳುಗಳಲ್ಲಿ 1,884 ಮಂದಿ ಮೋಟಾರುಸೈಕಲ್ಲಿನ ಅಪಘಾತಗಳಲ್ಲಿ ಸತ್ತಿದ್ದರೆ, ಯುದ್ಧದ ಮೊದಲ 21 ತಿಂಗಳುಗಳಲ್ಲಿ 2,279 ಮಂದಿ ಸತ್ತರು. ಪೆಟ್ರೋಲಿಗೆ ಪಡಿತರವಿದ್ದ ಕಾಲದಲ್ಲಿಯೇ ಈ ಏರಿಕೆ! ಸೇನೆಯ ಸಂದೇಶವಾಹಕರ ಓಡಾಟ ಹೆಚ್ಚಿದ್ದುದರಿಂದ ಕತ್ತಲೆಯೊಂದೇ ಇದಕ್ಕೆ ಕಾರಣವೆನ್ನುವಂತಿಲ್ಲ; ಅದನ್ನು ಕಡೆಗಣಿಸುವಂತೆಯೂ ಇಲ್ಲ.

1935ರಲ್ಲಿ ಟಿ. ಇ. ಲಾರೆನ್ಸ್ ಮೋಟಾರುಸೈಕಲ್ಲಿನಿಂದ ಬಿದ್ದು ಮರಣಶಯ್ಯೆಯಲ್ಲಿದ್ದಾಗ ಕರೆಸಿಕೊಂಡ ವೈದ್ಯರಲ್ಲಿ ಕೇರ್ನ್ಸರೂ ಒಬ್ಬರು. ಆ ಅಪಘಾತವಾದುದು ಹಗಲಿನಲ್ಲಿ. ಆದರೆ ತಲೆಗೆ ಬಿದ್ದ ಪೆಟ್ಟು ಹಗಲಿರುಳೆಂಬ ಭೇದವನ್ನು ಎಣಿಸುವುದಿಲ್ಲ. ತಾವು ಕಂಡ ರೋಗಿಗಳಲ್ಲಿ ಶಿರಸ್ತ್ರಾಣ ಧರಿಸಿದ್ದವರು ಏಳೇ ಮಂದಿ, ಅವರಲ್ಲಿ ಒಬ್ಬರೂ ಸಾಯಲಿಲ್ಲವೆಂದು ಕೇರ್ನ್ಸ್ ತಿಳಿಸಿದರು. 1941ರ ನವೆಂಬರಿನಲ್ಲಿ ಬ್ರಿಟಿಷ್ ಸೇನೆಯು ಕರ್ತವ್ಯನಿರತ ಸವಾರರಿಗೆ ಅದನ್ನು ಕಡ್ಡಾಯಗೊಳಿಸಿತು. ನಾಗರಿಕರಿಗೆ ಈ ನಿಯಮ ಬಂದುದು 1973ರಲ್ಲಿ. ಭಾರತದ 1988ರ ಮೋಟಾರು ವಾಹನಗಳ ಅಧಿನಿಯಮದ 129ನೆಯ ಪ್ರಕರಣವೂ ಶಿರಸ್ತ್ರಾಣವನ್ನು ವಿಧಿಸುತ್ತದೆ.

ಹೀಗೆ ಆ ಕಾಲದಿಂದ ಎರಡು ಪಾಠಗಳು ದೊರೆತವು. ಒಂದು ಶಿರಸ್ತ್ರಾಣ, ಅದನ್ನು ಕಾನೂನು ವಿಧಿಸಬಲ್ಲದು. ಆದರೆ ಅದು ನೆರವಾಗುವುದು ಬಿದ್ದ ಮೇಲೆ. ಇನ್ನೊಂದು, ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗದಲ್ಲಿಯೇ ಸಾಗಬೇಕೆಂಬ ವಿವೇಕ. ಬೀಳದಂತೆ ಕಾಯುವುದು ಇದೇ; ಪ್ರತಿ ತಿರುವಿನಲ್ಲಿಯೂ ಇದನ್ನು ಸವಾರನೇ ಪಾಲಿಸಬೇಕಾಗುತ್ತದೆ.