ಚುಕ್ಕೆ ಮಾಯವಾದ ಮೇಲೂ ಔಷಧ ನಿಲ್ಲಿಸಬೇಡಿ

ಎಳ್ಳ ಅಮಾವಾಸ್ಯೆಯ ಸುಮಾರಿಗೆ ಕೃಷ್ಣಾ, ಘಟಪ್ರಭಾ ದಂಡೆಯ ಊರುಗಳಲ್ಲಿ ಬೆಳಗಿನ ಚಳಿ ಬಲಿಯುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟುಕೊಂಡು ಮೀನು ಸಾಕುವವರಿಗೆ ಕಷ್ಟದ ಕಾಲವೂ ಅದೇ. ನಿನ್ನೆಯವರೆಗೆ ಚುರುಕಾಗಿ ಓಡಾಡಿದ ಗೋಲ್ಡ್‌ಫಿಶ್ ಇದ್ದಕ್ಕಿದ್ದಂತೆ ಕಲ್ಲಿಗೆ, ಫಿಲ್ಟರಿನ ಕೊಳವೆಗೆ ಮೈ ತಿಕ್ಕತೊಡಗುತ್ತದೆ. ಮರುದಿನ ರೆಕ್ಕೆಯ ಅಂಚಿನಲ್ಲಿ ಒಂದೆರಡು ಬಿಳಿ ಚುಕ್ಕೆ. ಇನ್ನೆರಡು ದಿನಕ್ಕೆ ಮೈತುಂಬ ರವೆ ಉದುರಿಸಿದ ಹಾಗೆ.

‘ಮೀನಿಗೆ ಏನೋ ಬೆಳ್ಳಗ ಆಗೇತ್ರಿ’ ಎಂದು ಅಂಗಡಿಗೆ ಹೋದರೆ ನೀಲಿ ಔಷಧದ ಸಣ್ಣ ಬಾಟಲಿ ಸಿಗುತ್ತದೆ. ತಂದು ಹಾಕುತ್ತಾರೆ. ಎರಡು ಮೂರು ದಿನದಲ್ಲಿ ಚುಕ್ಕೆ ಕಾಣುವುದಿಲ್ಲ. ಮನೆಯ ಮಕ್ಕಳಿಗೆ ಖುಷಿ, ದೊಡ್ಡವರಿಗೆ ನಿರಾಳ. ಔಷಧ ನಿಲ್ಲುತ್ತದೆ. ವಾರ ತುಂಬುವುದರೊಳಗೆ ತೊಟ್ಟಿಯ ಎಲ್ಲ ಮೀನಿಗೂ ಚುಕ್ಕೆ ಎದ್ದಿರುತ್ತದೆ, ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಆಮೇಲೆ ಒಂದೊಂದಾಗಿ ಸಾಯುತ್ತವೆ. ‘ಔಷಧ ಕೆಲಸ ಮಾಡಲಿಲ್ಲ’ ಎಂದು ಅಂಗಡಿಯವರನ್ನು ಬೈಯುವವರೂ ಇದ್ದಾರೆ, ‘ನಮ್ಮ ಮನೆಗೆ ಮೀನು ಆಗಿಬರೋದಿಲ್ಲ’ ಎಂದು ತೊಟ್ಟಿಯನ್ನೇ ಅಟ್ಟಕ್ಕೆ ಹಾಕುವವರೂ ಇದ್ದಾರೆ. ಎರಡೂ ಬೇಕಿಲ್ಲ. ಬಿಳಿ ಚುಕ್ಕೆ ವಾಸಿಯಾಗದ ರೋಗವಲ್ಲ. ಬೇಗ ಕಂಡುಹಿಡಿದು, ಔಷಧವನ್ನು ಕೊನೆಮುಟ್ಟಿಸಿದರೆ ಬಹುಪಾಲು ಮೀನು ಉಳಿಯುತ್ತವೆ. ಕೊನೆಮುಟ್ಟಿಸುವುದು ಏಕೆ ಮುಖ್ಯ ಎನ್ನುವುದು ಆ ಪರೋಪಜೀವಿಯ ಬಾಳನ್ನು ತಿಳಿದರೆ ಅರ್ಥವಾಗುತ್ತದೆ.

ಇದು ಒಂದೇ ಕೋಶದ ಜೀವಿ. ಹೆಸರು ಇಕ್ತಿಯೊಫ್ತಿರಿಯಸ್ ಮಲ್ಟಿಫಿಲಿಸ್. ಹೆಸರು ಉದ್ದವಾದ್ದರಿಂದ ಮೀನು ಸಾಕುವವರ ಬಾಯಲ್ಲಿ ‘ಇಚ್’ ಎಂದಷ್ಟೇ ಉಳಿದಿದೆ. ಫೂಕೆ ಎಂಬ ಸಂಶೋಧಕ 1876ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟ. ನಮಗೆ ಕಾಣುವ ಬಿಳಿ ಚುಕ್ಕೆ ಗಾಯವಲ್ಲ, ಬೂಷ್ಟೂ ಅಲ್ಲ. ಪ್ರತಿ ಚುಕ್ಕೆಯೊಳಗೆ ಈ ಜೀವಿ ಚರ್ಮದ ಹೊರಪದರದ ಕೆಳಗೆ ಅಡಗಿ ಕುಳಿತು, ಮೀನಿನ ಜೀವಕೋಶಗಳನ್ನು ತಿನ್ನುತ್ತ, ಸುತ್ತುತ್ತ ಬೆಳೆಯುತ್ತಿರುತ್ತದೆ. ಅಲ್ಲಿ ಅದಕ್ಕೆ ಮೀನಿನ ಚರ್ಮದ್ದೇ ರಕ್ಷೆ. ನೀರಿಗೆ ನೀವು ಏನು ಹಾಕಿದರೂ ಅದಕ್ಕೆ ತಟ್ಟುವುದಿಲ್ಲ.

ಹೊಟ್ಟೆ ತುಂಬಿ ಬೆಳೆದ ಮೇಲೆ ಅದು ಚರ್ಮ ಒಡೆದು ಹೊರಬರುತ್ತದೆ. ನಮ್ಮ ಕಣ್ಣಿಗೆ ಚುಕ್ಕೆ ‘ಮಾಯವಾಗುವುದು’ ಆಗಲೇ. ತಳದ ಜಲ್ಲಿಗೋ ಗಿಡದ ಎಲೆಗೋ ಅಂಟಿಕೊಂಡು ಸುತ್ತಲೂ ಜಿಗುಟಾದ ಕೋಶ ಕಟ್ಟಿಕೊಳ್ಳುತ್ತದೆ. ಅದರೊಳಗೆ ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಮರಿಗಳಾಗುತ್ತವೆ. ಈ ಹಂತದಲ್ಲೂ ಔಷಧ ಒಳಗೆ ಇಳಿಯುವುದಿಲ್ಲ. ಕೋಶ ಒಡೆದು ಮರಿಗಳು ನೀರಿನಲ್ಲಿ ಈಜತೊಡಗಿದಾಗ ಮಾತ್ರ ಅವು ನಮ್ಮ ಕೈಗೆ ಸಿಗುತ್ತವೆ. ಮೀನು ಸಿಗದೆ ಹೋದರೆ ಅವು ಒಂದೆರಡು ದಿನದಲ್ಲಿ ತಾವೇ ಸಾಯುತ್ತವೆ. ಸಿಕ್ಕರೆ ಚರ್ಮ ಕೊರೆದು ಒಳಸೇರುತ್ತವೆ. ಕಿವಿರಿಗೂ ನುಗ್ಗುತ್ತವೆ, ಅಲ್ಲಿ ನುಗ್ಗಿದ್ದು ನಮಗೆ ಕಾಣುವುದಿಲ್ಲ. ಮೈಮೇಲೆ ಹೆಚ್ಚು ಚುಕ್ಕೆಯಿಲ್ಲದ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತ ಸತ್ತರೆ ಕಿವಿರಿಗೆ ತಗುಲಿರಬಹುದು ಎಂದು ಶಂಕಿಸಬೇಕು.

ಅಂದರೆ ಚುಕ್ಕೆ ಉದುರಿದ ದಿನ ಶತ್ರು ಸತ್ತಿಲ್ಲ, ಹೆರಿಗೆಗೆ ಹೋಗಿದೆ. ಎಲ್ಲ ಮರಿಗಳೂ ಹೊರಬಂದು ಸಾಯುವವರೆಗೆ ನೀರಿನಲ್ಲಿ ಔಷಧ ಇರಲೇಬೇಕು.

ಈ ಸುತ್ತು ಎಷ್ಟು ದಿನದ್ದು ಎನ್ನುವುದು ನೀರಿನ ಶಾಖದ ಮೇಲೆ ನಿಂತಿದೆ. 25 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ವಾರದೊಳಗೆ ಮುಗಿಯುತ್ತದೆ. 10 ಡಿಗ್ರಿಯ ತಣ್ಣೀರಿನಲ್ಲಿ ತಿಂಗಳಿಗೂ ಹೆಚ್ಚು ಎಳೆಯುತ್ತದೆ. 30 ಡಿಗ್ರಿ ತಲುಪಿದರೆ ಬಹುಮಟ್ಟಿಗೆ ಸಂತಾನ ಮುಂದುವರಿಸಲಾಗದೆ ಸೋಲುತ್ತದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಹವೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹೊರಗೆ 40 ಡಿಗ್ರಿ ಮುಟ್ಟುವ ಏಪ್ರಿಲ್, ಮೇ ತಿಂಗಳಲ್ಲಿ ತೊಟ್ಟಿಯ ನೀರು ತಾನಾಗಿಯೇ 30 ದಾಟುತ್ತದೆ. ಆಗ ಈ ರೋಗಕ್ಕೆ ಜಾಗವಿಲ್ಲ. ಡಿಸೆಂಬರ್, ಜನವರಿಯಲ್ಲಿ ಮಧ್ಯಾಹ್ನ ಬಿಸಿಲು, ರಾತ್ರಿ 15 ಡಿಗ್ರಿ ಆಸುಪಾಸಿನ ಚಳಿ. ದೊಡ್ಡ ಕೆರೆ ಈ ಏರಿಳಿತವನ್ನು ನುಂಗಿಕೊಳ್ಳುತ್ತದೆ. ಎರಡು ಅಡಿ ತೊಟ್ಟಿಯ ನೀರು ನುಂಗಿಕೊಳ್ಳುವುದಿಲ್ಲ, ದಿನಕ್ಕೊಮ್ಮೆ ಬಿಸಿಯಾಗಿ ದಿನಕ್ಕೊಮ್ಮೆ ತಣಿಯುತ್ತದೆ. ಮೀನು ದಣಿಯುತ್ತದೆ, ಮೈಯ ಲೋಳೆ ತೆಳುವಾಗುತ್ತದೆ, ಪರೋಪಜೀವಿಗೆ ದಾರಿ ಸಿಗುತ್ತದೆ.

ದಣಿವು ಅಲ್ಲಿಂದ ಶುರುವಾಗುವುದೂ ಅಲ್ಲ. ದೇಶದ ಅಲಂಕಾರಿಕ ಮೀನಿನ ದೊಡ್ಡ ಪೇಟೆಗಳು ಕೋಲ್ಕತ್ತ, ಮುಂಬೈ, ಚೆನ್ನೈನ ಕೊಳತ್ತೂರು. ಅಂಥ ಕಡೆಗಳಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕತ್ತಲೆಯಲ್ಲಿ ಕುಲುಕಾಡುತ್ತ, ಕೈಯಿಂದ ಕೈಗೆ ಬದಲಾಗುತ್ತ ಮೀನು ನಮ್ಮ ಊರಿನ ಅಂಗಡಿ ಸೇರುತ್ತದೆ. ಅಲ್ಲಿ ಒಂದೇ ಜಾಳಿಗೆ, ಒಂದೇ ನೀರು. ರೋಗ ಗೆದ್ದು ಬದುಕಿದ ಮೀನಿಗೆ ತಿಂಗಳುಗಟ್ಟಲೆ ಉಳಿಯುವ ನಿರೋಧಕ ಶಕ್ತಿ ಬಂದಿರುತ್ತದೆ. ಅದು ನೋಡಲು ಆರೋಗ್ಯವಾಗಿದ್ದೂ ಒಂದೆರಡು ಜೀವಿಗಳನ್ನು ಹೊತ್ತು ನಿಮ್ಮ ಮನೆಗೆ ಬರಬಹುದು. ಮನೆಯ ಹಳೆಯ ಮೀನಿಗೆ ಆ ಶಕ್ತಿ ಇರುವುದಿಲ್ಲ.

ಇನ್ನು ಮದ್ದಿನ ಮಾತು. ಎಲ್ಲಕ್ಕಿಂತ ಮೊದಲು ತೊಟ್ಟಿಯಲ್ಲಿ ಎಷ್ಟು ಲೀಟರ್ ನೀರಿದೆ ಎಂದು ಲೆಕ್ಕ ಹಾಕಿ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು 45 ಲೀಟರ್ ಇದ್ದೀತು. ಅಂದಾಜಿನಲ್ಲಿ ಔಷಧ ಸುರಿಯುವುದರಿಂದ ಸಾಯುವ ಮೀನು ಕಡಿಮೆಯೇನಲ್ಲ.

ಹೆಚ್ಚಿನ ಬಣ್ಣದ ಮೀನುಗಳಿಗೆ ಮೊದಲ ಚಿಕಿತ್ಸೆ ಶಾಖ ಮತ್ತು ಉಪ್ಪು. ಲೀಟರಿಗೆ ಒಂದು ವ್ಯಾಟ್ ಲೆಕ್ಕದಲ್ಲಿ 50 ವ್ಯಾಟಿನ ಹೀಟರ್ ಇಂಥ ತೊಟ್ಟಿಗೆ ಸಾಕು. ದಿನಕ್ಕೆ ಎರಡು ಮೂರು ಡಿಗ್ರಿಯಂತೆ ಏರಿಸಿ 30ಕ್ಕೆ ತಂದು ನಿಲ್ಲಿಸಬೇಕು, ಹತ್ತು ದಿನ ಇಳಿಸಬಾರದು. ಒಂದು ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ನೀರಿಗೆ ಕೈ ಇಳಿಸುವ ಮೊದಲು ಪ್ಲಗ್ ಕೀಳಿ. ರಾತ್ರಿ ತೊಟ್ಟಿಯ ಮೂರು ಬದಿಗೆ ಹಳೆಯ ಕೌದಿ ಸುತ್ತಿದರೆ ಶಾಖ ನಿಲ್ಲುತ್ತದೆ, ಕರೆಂಟ್ ಹೋದರೂ ನೀರು ಬೇಗ ತಣಿಯುವುದಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇರುವುದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಕಿವಿರು ಕೆಟ್ಟ ಮೀನಿಗೆ ಆ ಒಂದೂವರೆ ಮಿಲಿಗ್ರಾಂ ದೊಡ್ಡದು. ಏರ್ ಪಂಪ್ ಹಗಲು ರಾತ್ರಿ ಓಡಬೇಕು. ಕರೆಂಟ್ ಹೋದಾಗ ತಂಬಿಗೆಯಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಹೊಯ್ಯುತ್ತಿದ್ದರೂ ಆದೀತು. ಗೋಲ್ಡ್‌ಫಿಶ್ ತಂಪು ನೀರಿನ ಮೀನು. ಅದಕ್ಕೆ 30 ಡಿಗ್ರಿ ಬೇಡ, 27ರಲ್ಲಿ ನಿಲ್ಲಿಸಿ ಉಪ್ಪಿನ ಮೇಲೆ ಭಾರ ಹಾಕುವುದು ಒಳ್ಳೆಯದು.

ಉಪ್ಪು ಲೀಟರಿಗೆ 1ರಿಂದ 3 ಗ್ರಾಂ. 45 ಲೀಟರಿಗೆ 45 ಗ್ರಾಂನಿಂದ ಶುರು ಮಾಡಿ, ಮೀನು ತಾಳಿಕೊಂಡರೆ ಎರಡು ದಿನದಲ್ಲಿ ಹಂತ ಹಂತವಾಗಿ ಏರಿಸಬಹುದು. ಹರಳುಪ್ಪನ್ನು ಬೇರೆ ನೀರಿನಲ್ಲಿ ಕರಗಿಸಿಯೇ ಹಾಕಬೇಕು. ಇಲ್ಲಿ ನಮ್ಮ ಭಾಗದವರು ಒಂದು ವಿಷಯ ಗಮನಿಸಬೇಕು. ಕಬ್ಬಿಗೆ ವರ್ಷಗಟ್ಟಲೆ ನೀರು ಹಾಯಿಸಿ ಜಮಖಂಡಿ, ಮುಧೋಳದ ಎಷ್ಟೋ ಹೊಲ ಸವಳು-ಜವಳಾಗಿರುವುದು ಎಲ್ಲರಿಗೂ ಗೊತ್ತು. ಅಂಥ ಕಡೆ ಬೋರಿನ ನೀರಿನಲ್ಲೇ ಲವಣ ಹೆಚ್ಚಿರುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದವರ ಬಳಿ ಇರುವ ಟಿಡಿಎಸ್ ಮೀಟರಿನಲ್ಲಿ ಒಮ್ಮೆ ಅಳೆಸಿ, ಆಮೇಲೆ ಉಪ್ಪಿನ ಪ್ರಮಾಣ ನಿರ್ಧರಿಸಿ. ಹಾಗೆಂದು ಘಟಕದ ನೀರನ್ನೇ ತೊಟ್ಟಿಗೆ ತುಂಬಬೇಡಿ, ಮೀನಿಗೆ ಬೇಕಾದ ಲವಣವೂ ಅದರಲ್ಲಿ ಸೋಸಿಹೋಗಿರುತ್ತದೆ. ನಗರಸಭೆ, ಪುರಸಭೆಯ ನಳದ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿ ಗಾಳಿಯಾಡಿಸಿ, ಇಲ್ಲವೇ ಆಂಟಿ-ಕ್ಲೋರಿನ್ ಹನಿ ಹಾಕಿ ಬಳಸಿ.

ದಿನಕ್ಕೆ ಕಾಲು ಭಾಗ ನೀರು ತೆಗೆದು ಹೊಸದು ಹಾಕುವುದು, ತೆಗೆಯುವಾಗ ಕೊಳವೆಯಿಂದ ಜಲ್ಲಿಯ ತಳವನ್ನು ಎಳೆದು ತೆಗೆಯುವುದು ಮದ್ದಿನಷ್ಟೇ ಮುಖ್ಯ. ಕೋಶಗಳು ಕುಳಿತಿರುವುದು ಅಲ್ಲಿಯೇ. ಹೊಸ ನೀರಿನ ಶಾಖ, ಉಪ್ಪು ಎರಡೂ ತೊಟ್ಟಿಯ ನೀರಿಗೆ ಸರಿಹೊಂದಿರಲಿ. ಒಂದೆರಡೇ ಮೀನಿದ್ದರೆ ಔಷಧವಿಲ್ಲದ ದಾರಿಯೂ ಇದೆ: ಎರಡು ಪ್ಲಾಸ್ಟಿಕ್ ಟಬ್ ಇಟ್ಟುಕೊಂಡು, ವಾರವಿಡೀ ದಿನವೂ ಮೀನನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸಿ, ಖಾಲಿಯಾದದ್ದನ್ನು ತೊಳೆದು ಬಿಸಿಲಿಗೆ ಒಣಗಿಸುವುದು. ಉದುರಿದ ಜೀವಿ ಮರಿಯಾಗುವ ಮೊದಲೇ ಟಬ್ ಒಣಗಿರುತ್ತದೆ. ತಾಳ್ಮೆಯ ಕೆಲಸ, ಆದರೆ ಖರ್ಚಿಲ್ಲದ್ದು.

ಬಣ್ಣದ ಔಷಧಗಳ ಕಥೆ ನೇಕಾರರ ಊರಾದ ರಬಕವಿ-ಬನಹಟ್ಟಿಯವರಿಗೆ ಹತ್ತಿರದ್ದು. ಅಂಗಡಿಯ ನೀಲಿ ಬಾಟಲಿಯಲ್ಲಿರುವ ಮೆಥಿಲೀನ್ ಬ್ಲೂ ಹುಟ್ಟಿದ್ದು ಬಟ್ಟೆಗೆ ಹಾಕುವ ಬಣ್ಣವಾಗಿ. ಜರ್ಮನಿಯ ಬಿಎಎಸ್‌ಎಫ್ ಕಂಪನಿಯಲ್ಲಿ ಹೈನ್‌ರಿಚ್ ಕಾರೊ ಅದನ್ನು ತಯಾರಿಸಿದ್ದು 1876ರಲ್ಲಿ, ಫೂಕೆ ಈ ಪರೋಪಜೀವಿಗೆ ಹೆಸರಿಟ್ಟ ವರ್ಷದಲ್ಲೇ. 1891ರಲ್ಲಿ ಪಾಲ್ ಎರ್ಲಿಕ್ ಅದನ್ನು ಮಲೇರಿಯಾ ರೋಗಿಗಳಿಗೆ ಕೊಟ್ಟು ನೋಡಿದ. ಹಸಿರು ಬಾಟಲಿಯ ಮ್ಯಾಲಕೈಟ್ ಗ್ರೀನ್ ಕೂಡ ಬಟ್ಟೆಯ ಬಣ್ಣವೇ. ಬಿಳಿ ಚುಕ್ಕೆಗೆ ನೀಲಿಗಿಂತ ಹಸಿರು ಹೆಚ್ಚು ಪರಿಣಾಮಕಾರಿ. ಆದರೆ ಇವೇ ಹೆಸರಿನ ಪುಡಿ ನೂಲಿನ ಬಣ್ಣದ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ತರಬೇಡಿ. ಬಟ್ಟೆಗೆಂದು ಮಾಡಿದ ಬಣ್ಣದಲ್ಲಿ ಸತುವಿನ ಲವಣ ಬೆರೆತಿರುವುದುಂಟು, ಸತು ಮೀನಿಗೆ ವಿಷ. ಮೀನಿಗೆಂದೇ ಮಾಡಿದ ಬಾಟಲಿ ತಂದು, ಅದರ ಮೇಲಿನ ಪ್ರಮಾಣ ಓದಿ ಹಾಕಿ. ಲೋಚ್, ಸಣ್ಣ ಟೆಟ್ರಾಗಳಿಗೆ ಅರ್ಧ ಪ್ರಮಾಣ ಸಾಕು. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದಿಡಿ, ಇಲ್ಲದಿದ್ದರೆ ಅದು ಔಷಧವನ್ನೆಲ್ಲ ಹೀರಿಬಿಡುತ್ತದೆ. ಮೆಥಿಲೀನ್ ಬ್ಲೂ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಗಿಡವನ್ನೂ ಕೆಡಿಸುತ್ತದೆ, ಅದನ್ನು ಬೇರೆ ಟಬ್ಬಿನಲ್ಲಿ ಬಳಸುವುದು ಲೇಸು. ಫಾರ್ಮಲಿನ್ ಬೆರೆತ ಔಷಧಗಳೂ ಬರುತ್ತವೆ. ಅವುಗಳ ಹಬೆ ಮನುಷ್ಯರಿಗೂ ಕೆಟ್ಟದ್ದು, ಮಕ್ಕಳಿರುವ ಮನೆಗೆ ಬೇಡವೇ ಬೇಡ ಎನ್ನುವುದು ನನ್ನ ಮಾತು.

ಯಾವ ದಾರಿ ಹಿಡಿದರೂ ಕೊನೆಯ ಚುಕ್ಕೆ ಉದುರಿದ ಮೇಲೆ ಇನ್ನೂ ಐದರಿಂದ ಏಳು ದಿನ ಚಿಕಿತ್ಸೆ ನಡೆಯಬೇಕು. ನೀರು ತಣ್ಣಗಿದ್ದರೆ ಇನ್ನೂ ಹೆಚ್ಚು.

ಬಿಳಿ ಕಂಡದ್ದೆಲ್ಲ ಈ ರೋಗವಲ್ಲ. ಗಂಡು ಗೋಲ್ಡ್‌ಫಿಶ್‌ಗೆ ಸಂತಾನದ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಬಿಳಿ ಗುಳ್ಳೆ ಏಳುತ್ತವೆ. ಅದು ವಯಸ್ಸಿಗೆ ಬಂದ ಗುರುತು, ಮದ್ದು ಬೇಡ. ಹತ್ತಿಯಂತಹ ಎಳೆ ಕಂಡರೆ ಬೂಷ್ಟು. ಕರಾವಳಿಯ ಸಿಗಡಿ ಕೊಳಗಳನ್ನು ಹಾಳುಮಾಡುವ ಬಿಳಿ ಚುಕ್ಕೆ ರೋಗ ವೈರಸ್ಸಿನದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಮನುಷ್ಯರಿಗೆ, ನಾಯಿ ಬೆಕ್ಕುಗಳಿಗೆ ಇದು ಅಂಟುವುದಿಲ್ಲ.

ಮೀನಿನಿಂದ ಮೀನಿಗೆ ಮಾತ್ರ ಖಂಡಿತ ಅಂಟುತ್ತದೆ, ಅದು ರೋಹು, ಕಾಟ್ಲಾ ಮರಿಗಳೇ ಆದರೂ. ಬೀಳಗಿ ತಾಲ್ಲೂಕಿನ ಊರುಗಳ ಮಗ್ಗುಲಿಗೇ ಆಲಮಟ್ಟಿ ಹಿನ್ನೀರು ಚಾಚಿದೆ, ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಯನ್ನು ಸೇರುತ್ತದೆ, ಆ ನೀರಿನ ಮೀನಿನ ಮೇಲೆ ಬದುಕುವ ಕುಟುಂಬಗಳಿವೆ. ಕೃಷಿ ಹೊಂಡದಲ್ಲಿ ಮೀನು ಬಿಟ್ಟ ರೈತರೂ ಇದ್ದಾರೆ. ರೋಗದ ತೊಟ್ಟಿಯ ನೀರನ್ನು, ‘ಪಾಪ, ಬದುಕಿಕೊಳ್ಳಲಿ’ ಎಂದು ಸಾಕಿದ ಮೀನನ್ನು ಕಾಲುವೆಗೋ ಹೊಂಡಕ್ಕೋ ನದಿಗೋ ಬಿಡಬೇಡಿ. ತೊಟ್ಟಿ ಶುಚಿ ಮಾಡಲೆಂದು ತಂದ ಸಕ್ಕರ್ ಮೀನು ಹೀಗೆ ಬಿಟ್ಟಿದ್ದರಿಂದಲೇ ದೇಶದ ಅನೇಕ ನದಿ, ಕೆರೆಗಳಲ್ಲಿ ತುಂಬಿ ಬಲೆ ಹರಿಯುತ್ತಿದೆ. ಮ್ಯಾಲಕೈಟ್ ಗ್ರೀನ್ ಹಾಕಿದ ನೀರಂತೂ ತಿನ್ನುವ ಮೀನಿನ ಹತ್ತಿರ ಸುಳಿಯಬಾರದು. ಕ್ಯಾನ್ಸರಿನ ಭಯದಿಂದ ಅಮೆರಿಕ, ಯುರೋಪ್ ಅದನ್ನು ಆಹಾರದ ಮೀನಿಗೆ ಬಳಸದಂತೆ ತಡೆದಿವೆ.

ರೋಗ ಬಾರದ ಹಾಗೆ ನೋಡಿಕೊಳ್ಳುವುದಕ್ಕೆ ಒಂದು ಹೆಚ್ಚುವರಿ ಟಬ್ ಸಾಕು. ಹೊಸ ಮೀನನ್ನು ಮೂರು ವಾರ ಅದರಲ್ಲಿ ಬೇರೆ ಇಡಿ, ಜಾಳಿಗೆಯೂ ಬೇರೆ ಇರಲಿ. ಅಂಗಡಿಯ ಚೀಲದ ನೀರನ್ನು ಮನೆಯ ತೊಟ್ಟಿಗೆ ಸುರಿಯಬೇಡಿ. ಒಂದು ಮೀನಿಗೆ ಚುಕ್ಕೆ ಇದ್ದ ಅಂಗಡಿ ತೊಟ್ಟಿಯಿಂದ ಇನ್ನೊಂದು ಚೆಂದದ ಮೀನನ್ನೂ ಕೊಳ್ಳಬೇಡಿ.

ಇದನ್ನೆಲ್ಲ ಹೇಳಿಕೊಡಬಲ್ಲವರು ದೂರದವರೇನಲ್ಲ. ಮುಧೋಳದ ನಾಯಿಗೆ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ. ಅದನ್ನು ನಡೆಸುವುದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. 1969ರಿಂದ ಮೀನಿನ ಪಾಠ ಹೇಳುತ್ತ ಬಂದಿರುವ ಮಂಗಳೂರಿನ ಮೀನುಗಾರಿಕೆ ಕಾಲೇಜೂ ಅದರದ್ದೇ. ಅಲ್ಲಿನ ತಜ್ಞರು ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮೊದಲು, ತಿಮ್ಮಾಪುರಕ್ಕೆ ಬಂದು ನಮ್ಮ ನಾಲ್ಕು ತಾಲ್ಲೂಕಿನ ಅಂಗಡಿಯವರಿಗೆ, ಮೀನು ಸಾಕುವವರಿಗೆ ಒಂದು ದಿನದ ತರಬೇತಿ ಕೊಡಲಿ. ಅಂಗಡಿಯವರೂ ಅಲ್ಲಿಯವರೆಗೆ ಕಾಯಬೇಕಿಲ್ಲ. ಹೊಸ ಮೀನು ಬಂದ ಮೇಲೆ ಒಂದು ವಾರ ಮಾರದೆ ಇಡಿ. ಔಷಧ ಕೊಡುವಾಗ ಎಷ್ಟು ಲೀಟರಿಗೆ ಎಷ್ಟು ಹನಿ, ಎಷ್ಟು ದಿನ ಎಂದು ಕನ್ನಡದಲ್ಲಿ ಚೀಟಿ ಬರೆದು ಬಾಟಲಿಗೆ ಅಂಟಿಸಿ ಕೊಡಿ.