ಬಾನೆಟ್ಟಿನೊಳಗೆ ಸೇರಿಕೊಂಡ ಕಿವಿ

ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್‌ಗಳ ಕಾಲದಲ್ಲಿ ಕಿಡಿಯ ಟೈಮಿಂಗ್ ಕೂರಿಸುವುದು ಕಿವಿಯ ಕೆಲಸ. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಸಡಿಲಿಸಿ, ಚೂರೇ ಚೂರು ತಿರುಗಿಸಿ, ಗಾಡಿಯನ್ನು ಏರು ಹತ್ತಿಸಿ ಮೆಕ್ಯಾನಿಕ್ ಆಲಿಸುತ್ತಿದ್ದ. ಪೆಟ್ರೋಲ್ ಉರಿಯಲು ಕ್ಷಣಕಾಲ ಬೇಕು. ಹಾಗಾಗಿ ಪಿಸ್ಟನ್ ಮೇಲ್ತುದಿ ಮುಟ್ಟುವ ತುಸು ಮೊದಲೇ ಕಿಡಿ ಹಾರಬೇಕು. ಅತಿ ಮುಂಚೆ ಹಾರಿದರೆ ಕಟಕಟ ನಾಕಿಂಗ್, ತಡವಾದರೆ ಎಳೆತವೇ ಇಲ್ಲ.

ಕಿಡಿ ಹಾರಿಸುವ ಪ್ಲಗ್ಗಿಗೂ ದಕ್ಷಿಣ ಬೆಂಗಳೂರಿಗೂ ಹಳೆಯ ನಂಟು. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪುಗಳನ್ನು ತಯಾರಿಸಿತು. 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಬಿಟಿಎಂನ ಮೈಕೋ ಲೇಔಟ್ ಬದಲಿಸಿಕೊಳ್ಳಲಿಲ್ಲ. ತಯಾರಿಕೆ ಬಿಡದಿಗೆ ಹೋಯಿತು. 2022ರ ಜೂನ್‌ನಲ್ಲಿ ಆಡುಗೋಡಿಯ ಆವರಣ ತಂತ್ರಜ್ಞಾನ ಕ್ಯಾಂಪಸ್ಸಾಗಿ ಉದ್ಘಾಟನೆಯಾಯಿತು.

ಟೈಮಿಂಗ್ ಕೂಡ ಸ್ಪ್ಯಾನರಿನಿಂದ ಸಾಫ್ಟ್‌ವೇರಿಗೆ ಸರಿಯಿತು. ಹೊಗೆ ನಿಯಮಗಳ ಜೊತೆಗೆ ಅದನ್ನು ತಳ್ಳಿದ್ದು ಟರ್ಬೊ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ 1905ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ: ಸೈಲೆನ್ಸರಿನತ್ತ ಹೋಗುವ ಬಿಸಿಗಾಳಿಯಿಂದಲೇ ಚಕ್ರ ತಿರುಗಿಸಿ, ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವುದು. ಒತ್ತಿದ ಗಾಳಿ ಬಿಸಿಯಾಗುತ್ತದೆ, ನಾಕಿಂಗ್ ಬೇಗ ಬರುತ್ತದೆ. ಬೂಸ್ಟ್, ಅಂದರೆ ಟರ್ಬೊ ತುರುಕುವ ಗಾಳಿಯ ಒತ್ತಡ, ಏರಿದಂತೆ ಕಿಡಿಯನ್ನು ಹಿಂದಕ್ಕೆಳೆಯಲೇಬೇಕು. 1979ರಲ್ಲಿ ಬಾಷ್‌ನ ಮೋಟ್ರಾನಿಕ್ ಇಂಧನ, ಕಿಡಿ ಎರಡನ್ನೂ ಒಂದೇ ಎಲೆಕ್ಟ್ರಾನಿಕ್ ಡಬ್ಬಿಗೆ ಒಪ್ಪಿಸಿತು. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸಾಬ್, ನಾಕಿಂಗ್ ಕೇಳಿದೊಡನೆ ಬೂಸ್ಟ್ ತಗ್ಗಿಸುವ ಸೆನ್ಸರನ್ನು ಎಂಜಿನ್ನಿಗೇ ಜೋಡಿಸಿತು. ಮೆಕ್ಯಾನಿಕ್‌ನ ಕಿವಿ ಬಾನೆಟ್ಟಿನೊಳಗೆ ಸೇರಿಕೊಂಡಿತು.

2013ರ ಪೋಲೊ ಜಿಟಿ ಟಿಎಸ್‌ಐನಂಥ ಕಾರುಗಳಿಂದ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ ಜಯನಗರ, ಜೆಪಿ ನಗರದ ಮನೆಗಳ ಗೇಟಿನೊಳಗೂ ಬಂತು. ಹಿಂದೆಯೇ ರೀಮ್ಯಾಪ್ ಚಟವೂ ಬಂತು. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಬೂಸ್ಟ್ ಮಿತಿ ಏರಿಸುತ್ತಾರೆ, ಟೈಮಿಂಗ್ ಕೋಷ್ಟಕ ತಿದ್ದುತ್ತಾರೆ. ಬೇರೆಲ್ಲಿಗೋ ಮಾಡಿದ ಫೈಲನ್ನು ಹಾಗೇ ಇಳಿಸುವ ಟ್ಯೂನರ್‌ಗಳ ಮೇಲೆ ನನಗೆ ನಂಬಿಕೆಯಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ. ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಟರ್ಬೊ ಆ ಕೊರತೆ ತುಂಬಬಲ್ಲದು, ಆದರೆ ಇನ್ನೂ ಜೋರಾಗಿ ತಿರುಗಿ, ಗಾಳಿಯನ್ನು ಇನ್ನಷ್ಟು ಬಿಸಿ ಮಾಡಿ.

ಎಷ್ಟು ಹಾರ್ಸ್‌ಪವರ್ ಬಂತೆಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದ್ದು ಲಾಗ್: ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಯಾವ ಸಿಲಿಂಡರಿನಲ್ಲಿ ಕಿಡಿ ಎಷ್ಟು ಡಿಗ್ರಿ ಹಿಂದೆ ಸರಿಯಿತು, ಟ್ಯಾಂಕಿನಲ್ಲಿ ಆಗ ಯಾವ ಪೆಟ್ರೋಲ್ ಇತ್ತು. ಅದನ್ನು ತೋರಿಸಲೊಲ್ಲದ ಟ್ಯೂನರ್‌ಗೆ ಕೀಲಿ ಕೊಡಬೇಡಿ.