ಯವಸುರೆಯ ಆಸ್ವಾದವೂ ನಮ್ಮ ರಸಪದಗಳೂ

ಮಹಾಕಾವ್ಯದಲ್ಲಿ ಬರತಕ್ಕ ವರ್ಣನೆಗಳನ್ನು ಎಣಿಸುವಾಗ ದಂಡಿಯು ಮಧುಪಾನವನ್ನೂ ಅವುಗಳ ಸಾಲಿನಲ್ಲಿ ಸೇರಿಸಿರುವನೆಂಬುದು ವಾಚಕರಿಗೆ ವಿದಿತವೇ ಆಗಿದೆ. ಪಂಪನು ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಈ ಸಂಪ್ರದಾಯವನ್ನು ನಡೆಸಿದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ನಡುವೆ ಪಾನಕ್ಕೂ ಎಡೆಯುಂಟು. ಶರಣರಲ್ಲಿ ಹೆಂಡದ ಮಾರಯ್ಯನು ತನ್ನ ಕಾಯಕದ ಮಾತುಗಳನ್ನೇ ಅನುಭಾವಕ್ಕೆ ತಿರುಗಿಸಿದನು. ನಮ್ಮ ಕಾಲಕ್ಕೆ ಸಮೀಪದಲ್ಲಿ ಜಿ. ಪಿ. ರಾಜರತ್ನಂ ಅವರ ರತ್ನನು ಹೆಂಡದ ಅಂಗಡಿಯನ್ನೇ ಕಾವ್ಯದ ಜಗಲಿಯನ್ನಾಗಿ ಮಾಡಿಕೊಂಡನು. ಆದರೆ ಇವರೆಲ್ಲರೂ ಬಹುಮಟ್ಟಿಗೆ ಹೇಳುವುದು ಕುಡಿದವನ ಅವಸ್ಥೆಯನ್ನು. ಕುಡಿದ ವಸ್ತುವಿನ ರುಚಿಯನ್ನಲ್ಲ. ಮತ್ತನ್ನು ವರ್ಣಿಸುವುದಕ್ಕೆ ಕನ್ನಡದಲ್ಲಿ ಮಾತಿಗೆ ಬರವಿಲ್ಲ. ರುಚಿಯನ್ನು ವಿವೇಚಿಸುವುದಕ್ಕೆ ಮಾತುಂಟೇ ಎಂಬುದು ಈ ಲೇಖನದ ಪ್ರಶ್ನೆ.

ಈ ಪ್ರಶ್ನೆ ಹುಟ್ಟಿದುದು ಪುಸ್ತಕದಿಂದಲ್ಲ. ಬೆಂಗಳೂರಿನಲ್ಲಿ 2010ರ ಈಚೆಗೆ ತಾವೇ ಸಣ್ಣ ಪ್ರಮಾಣದಲ್ಲಿ ಬೀರು ತಯಾರಿಸಿ ಅಲ್ಲಿಯೇ ಬಡಿಸುವ ಶಾಲೆಗಳು ತೆರೆದವು. ಇಂದಿರಾನಗರದ ಟಾಯ್ಟ್, 2012ರಲ್ಲಿ ಆರಂಭವಾದ ಆರ್ಬರ್ ಮೊದಲಾದುವು ಇವುಗಳಲ್ಲಿ ಹಳೆಯವು. ಒಂದೊಂದು ಬಗೆಯನ್ನು ಪುಟ್ಟ ಲೋಟಗಳಲ್ಲಿ ತರಿಸಿ ಹೋಲಿಸಿ ನೋಡುವ ಹವ್ಯಾಸಿಗಳು ಈಗ ಅನೇಕರಿದ್ದಾರೆ. ಈ ಲೇಖಕನೂ ಅವರಲ್ಲಿ ಒಬ್ಬ. ಒಮ್ಮೆ ನಂಜನಗೂಡಿನ ಕಡೆಯ ಕೃಷಿಕ ಮಿತ್ರರೊಬ್ಬರು ಜೊತೆಗಿದ್ದರು. ಮೇಜಿನ ಸುತ್ತ ಕುಳಿತವರೆಲ್ಲ ಇಂಗ್ಲಿಷಿನಲ್ಲಿ ಪರಿಮಳದ ಪಟ್ಟಿಯನ್ನು ಒಪ್ಪಿಸುತ್ತಿರುವಾಗ, ಜರ್ಮನಿಯ ರೀತಿಯ ಗೋಧಿ ಬೀರನ್ನು ಮೂಸಿದ ಅವರು, "ಇದರಲ್ಲಿ ನಮ್ಮ ರಸಬಾಳೆ ವಾಸನೆ ಇದೆಯಲ್ಲ ಮೇಷ್ಟ್ರೇ!" ಎಂದರು. ಕೆಲವರು ನಕ್ಕರು. ನಗಬೇಕಾದುದು ಏನೂ ಇರಲಿಲ್ಲ. ಆ ಬೀರಿನ ಯೀಸ್ಟು ಹುದುಗುವಾಗ ಉಂಟುಮಾಡುವ ಐಸೊಅಮೈಲ್ ಅಸಿಟೇಟ್ ಎಂಬ ದ್ರವ್ಯವೇ ಮಾಗಿದ ಬಾಳೆಯ ಕಂಪಿಗೂ ಮುಖ್ಯ ಕಾರಣ. ಮಿತ್ರರು ಹೇಳಿದುದು ಉಪಮೆಯಲ್ಲ, ವಸ್ತುಸ್ಥಿತಿ. ಸೊರಗು ರೋಗದಿಂದ ನಂಜನಗೂಡಿನ ಸುತ್ತ ರಸಬಾಳೆಯ ತೋಟಗಳೇ ವಿರಳವಾಗಿರುವಾಗ ಆ ಕಂಪನ್ನು ಹೆಸರಿಸಬಲ್ಲ ನಾಲಗೆ ಉಳಿದಿರುವುದು ಅಲ್ಪವಾದ ಸಂಗತಿಯಲ್ಲ.

ಹೆಸರಿನ ವಿಷಯವನ್ನು ಮೊದಲು ನೋಡೋಣ. ಸಂಸ್ಕೃತದಲ್ಲಿ ಜವೆಯಿಂದಾದ ಮದ್ಯಕ್ಕೆ ಯವಸುರಾ ಎಂಬ ಶಬ್ದವಿದೆ. ಶೀರ್ಷಿಕೆಗೆ ಅದು ಒಪ್ಪಿತು, ಬಳಕೆಗೆ ಬೀರು ಎಂಬುದೇ ಸಾಕು. ತಯಾರಿಕೆಯ ಕ್ರಿಯೆಯನ್ನು ಹೇಳುವಾಗ ಮಾತ್ರ ಎಚ್ಚರ ಬೇಕು. ಇದನ್ನು 'ಬಟ್ಟಿ ಇಳಿಸುವುದು' ಎಂದು ಬರೆಯುವವರುಂಟು. ಅದು ತಪ್ಪು. ಬಟ್ಟಿ ಇಳಿಸುವುದೆಂದರೆ ಕಾಯಿಸಿ ಆವಿಯನ್ನು ತಂಪಿಸಿ ಹಿಡಿಯುವುದು. ಸಾರಾಯಿ ಹಾಗೆ ಆಗುತ್ತಿತ್ತು. ಬೀರು ಹುದುಗುವುದು. ದೋಸೆಯ ಹಿಟ್ಟಿಗೆ 'ಹುದುಗು ಬಂತು' ಎನ್ನುವ ಗೃಹಿಣಿಯ ಮಾತೇ ಇಲ್ಲಿ ಶಾಸ್ತ್ರೀಯವಾದ ಮಾತು.

ಕಿಣ್ವ ಶಬ್ದದ ಚರಿತ್ರೆಯೂ ಸ್ವಾರಸ್ಯವಾದುದು. ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಮೇದಕವೆಂಬ ಪಾನಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಅಳತೆ ಹೇಳಿದೆ. ಆ ಕಿಣ್ವವನ್ನು ಕಟ್ಟುವುದು ಉದ್ದು ಮತ್ತು ಅಕ್ಕಿಯಿಂದ, ಕೆಲವು ಮೂಲಿಕೆಗಳನ್ನು ಬೆರಸಿ. ಎಂದರೆ ನಮ್ಮ ಇಡ್ಡಲಿಯ ಸಾಮಗ್ರಿಯೇ ಹೆಚ್ಚುಕಡಿಮೆ. ಅಲ್ಲಿ ಕಿಣ್ವವೆಂದರೆ ಹೆಪ್ಪು. ಈಗಿನ ಕನ್ನಡ ವಿಜ್ಞಾನ ಗ್ರಂಥಗಳಲ್ಲಿಯಾದರೋ ಅದು ಎನ್‌ಜೈಮಿಗೆ ಪರ್ಯಾಯವಾಗಿ ನಿಂತು, ಹೆಪ್ಪಿನ ಜೀವಿಗೆ ಯೀಸ್ಟೆಂಬ ಪರಭಾಷೆಯ ಹೆಸರೇ ಉಳಿದಿದೆ. ಬೀರಿನಲ್ಲಿ ಎರಡೂ ಕೆಲಸಮಾಡುವುದರಿಂದ ಈ ಭೇದವನ್ನು ಮರೆತರೆ ವಿವರಣೆಯೇ ಕೆಡುವುದು.

ಮೊದಲಿನ ಕೆಲಸ ಮೊಳಕೆಯದು. ಜವೆಯನ್ನು ನೆನಸಿ, ಮೊಳೆಯಿಸಿ, ಒಣಗಿಸಿ ಮಾಲ್ಟು ಮಾಡುತ್ತಾರೆ. ಮೊಳೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು, ನುಚ್ಚನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್ ಶಾಖದ ನೀರಿನಲ್ಲಿ ಒಂದು ಗಂಟೆ ಇರಿಸಿದಾಗ, ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸುತ್ತವೆ. ಈ ವಿದ್ಯೆಯ ಪೂರ್ವಾರ್ಧವನ್ನು ತಿರುಮಕೂಡಲು ನರಸೀಪುರದ ಸೀಮೆಯ ಯಾವ ಅಜ್ಜಿಗೂ ಹೊಸದಾಗಿ ಕಲಿಸಬೇಕಾಗಿಲ್ಲ. ರಾಗಿಯನ್ನು ರಾತ್ರಿ ನೆನಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿ, ಕೂಸಿಗೆ ಸರಿ ಮಾಡಿ ಉಣಿಸುವುದು ಇದೇ ಅಲ್ಲವೇ? ಮೊಳೆತ ರಾಗಿಯ ಸರಿ ತೆಳುವಾಗಿಯೂ ಸಿಹಿಯಾಗಿಯೂ ಇರುವುದಕ್ಕೆ ಕಾರಣ ಈ ಕಿಣ್ವಗಳೇ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಮೊಳೆತ ರಾಗಿಯ ಶಿಶುಆಹಾರದ ಮೇಲೆ ವಿಶೇಷ ವ್ಯಾಸಂಗ ನಡೆದಿದೆ. ಸಿಕ್ಕಿಂ ಮತ್ತು ನೇಪಾಳಗಳಲ್ಲಿ ರಾಗಿಯಿಂದಲೇ ಹುದುಗಿಸಿದ ಪಾನವನ್ನು ಬಿದಿರಿನ ಪಾತ್ರೆಯಲ್ಲಿ ಬಿಸಿನೀರೆರೆದು ಕೊಳವೆಯಿಂದ ಹೀರುತ್ತಾರೆ. ಬೆಂಗಳೂರಿನ ಕೆಲವು ಶಾಲೆಗಳೂ ರಾಗಿಯನ್ನು ಜವೆಯೊಡನೆ ಬೆರಸಿ ಪ್ರಯೋಗ ಮಾಡಿರುವುದುಂಟು.

ಇನ್ನು ಹಾಪ್ಸ್ ಎಂಬುದು. ಇದು ಭಂಗಿಯ ಕುಲಕ್ಕೆ ಸೇರಿದ ಬಳ್ಳಿಯ ಹೆಣ್ಣುಹೂವು. ತಂಪುದೇಶದ ಬಳ್ಳಿಯಾದುದರಿಂದ ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲಿನಂಥ ಕಣಿವೆಗಳಿಗೆ ಮಾತ್ರ ಒಗ್ಗಿದೆ. ಅದರ ಹಳದಿ ಅಂಟು ಬೀರಿಗೆ ಕಹಿಯನ್ನೂ ಒಂದು ಬಗೆಯ ಗಾಢವಾದ ಗಂಧವನ್ನೂ ಕೊಡುವುದು. ಇದನ್ನು ಏನೆಂದು ಕರೆಯುವುದೆಂದು ಬಹುಕಾಲ ತೋಚದೆ, ಕೊನೆಗೆ ಮಾಗಿಯ ಅವರೆಕಾಯಿಯನ್ನು ಬಿಡಿಸುವಾಗ ಉತ್ತರ ದೊರೆಯಿತು. ಅವರೆಯ ಸಿಪ್ಪೆಯ ಮೇಲಿನ ಅಂಟು ಸೊನೆ. ಅದರ ವಾಸನೆ ಸೊಗಡು. ಹಾಪ್ಸಿನ ವಿಷಯದಲ್ಲಿ ಇವೆರಡಕ್ಕಿಂತ ಸಮರ್ಪಕವಾದ ಪದಗಳು ಇಂಗ್ಲಿಷಿನಲ್ಲಿಯೂ ಇವೆಯೆಂದು ನಮಗೆ ತೋರಲಿಲ್ಲ.

ಷಡ್ರಸಗಳ ಶಾಸ್ತ್ರ ಇಲ್ಲಿ ಸ್ವಲ್ಪ ನೆರವಾಗುತ್ತದೆ, ಸ್ವಲ್ಪ ತೊಡಕನ್ನೂ ಉಂಟುಮಾಡುತ್ತದೆ. ಆಯುರ್ವೇದದಲ್ಲಿ ತಿಕ್ತವೆಂದರೆ ಕಹಿ, ಕಟುವೆಂದರೆ ಖಾರ, ಕಷಾಯವೆಂದರೆ ಒಗರು. ವಿದ್ಯಾರ್ಥಿಗಳು ಕಟುವನ್ನು ಕಹಿಯೆಂದು ಬರೆಯುವುದನ್ನು ಉಪಾಧ್ಯಾಯರೆಲ್ಲರೂ ಕಂಡಿರುತ್ತಾರೆ. ಬೀರಿನಲ್ಲಿ ಕಹಿಯೂ ಒಗರೂ ಬೇರೆಬೇರೆ ಸ್ಥಳದಿಂದ ಬರತಕ್ಕವು: ಕಹಿ ಹಾಪ್ಸಿನ ಗುಣ, ಒಗರು ಬಹುವಾಗಿ ಕಾಳಿನ ಹೊಟ್ಟನ್ನು ಅತಿಯಾಗಿ ತೊಳೆದುದರ ದೋಷ. ಎಳೆಯ ಬಾಳೆಕಾಯಿಯನ್ನು ಕಚ್ಚಿದವನಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ಹುಳಿಯ ವಿಷಯದಲ್ಲಂತೂ ನಮ್ಮವರು ಯುರೋಪಿನವರಿಗಿಂತ ಒಂದು ಹೆಜ್ಜೆ ಮುಂದೆಯೇ. ಬರ್ಲಿನ್ನಿನ ಹುಳಿ ಬೀರು ಹೊಸಬರ ಮುಖವನ್ನು ಕಿವಿಚಿಸುವುದು. ಅಂಬಲಿ ಕುಡಿದು ಬೆಳೆದವನಿಗೆ ಆ ಹುಳಿ ಪರಿಚಿತ, ಏಕೆಂದರೆ ಎರಡರಲ್ಲಿಯೂ ಲ್ಯಾಕ್ಟಿಕ್ ಆಮ್ಲವೇ ಇರುವುದು. ಲೈಪ್‌ಜಿಗ್ ಪ್ರಾಂತದ ಗೋಸೆ ಎಂಬುದಕ್ಕೆ ಹುಳಿಯ ಮೇಲೆ ಉಪ್ಪನ್ನೂ ಕೊತ್ತಂಬರಿ ಬೀಜವನ್ನೂ ಹಾಕುತ್ತಾರೆ. ಮಿತ್ರರು ಅದನ್ನು ರುಚಿನೋಡಿ, "ಇದು ರಾಮನವಮಿ ಮಜ್ಜಿಗೆಯ ದಾಯಾದಿ" ಎಂದರು. ಇದಕ್ಕಿಂತ ಉತ್ತಮವಾದ ಲಕ್ಷಣವನ್ನು ನಾವು ಎಲ್ಲಿಯೂ ಓದಿಲ್ಲ.

ದೋಷಗಳನ್ನು ಹೇಳುವುದರಲ್ಲಿ ಕನ್ನಡ ಇನ್ನೂ ಸಮರ್ಥವಾಗಿದೆ: ಸೀದುದು, ಕಮಟು, ಮುಗ್ಗಲು, ಹಳಸಲು, ಘಾಟು, ನಾತ. ಅಡುಗೆಮನೆಯು ಕೆಟ್ಟುದನ್ನು ಬೇಗ ಗುರುತಿಸಲೇಬೇಕಾದ ಸ್ಥಳವಾದುದರಿಂದ ಹೀಗಾಗಿರಬಹುದು. ಒಳ್ಳೆಯ ವಾಸನೆಗಳಿಗೆ ನಾವು ಸಾಮಾನ್ಯವಾಗಿ ವಸ್ತುವಿನ ಹೆಸರನ್ನೇ ಹಿಡಿಯುತ್ತೇವೆ. ಇದು ಭಾಷೆಯ ಬಡತನವೆಂದು ಹೇಳುವವರು, ಇಂಗ್ಲಿಷಿನ ರಸಿಕರೂ ನಿಂಬೆ, ಲವಂಗ, ಕಾಫಿ ಎಂದೇ ಹೇಳುವರೆಂಬುದನ್ನು ಗಮನಿಸಬೇಕು.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿಯೇ ಯುನೈಟೆಡ್ ಬ್ರೂವರೀಸ್ ಸಂಸ್ಥೆಯ ಬೀರು ಕಾರ್ಖಾನೆಯೊಂದಿದೆ. ದಕ್ಷಿಣ ಭಾರತದ ಐದು ಸಣ್ಣ ತಯಾರಿಕಾಲಯಗಳನ್ನು 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ಒಂದುಗೂಡಿಸಿದುದರಿಂದ ಹುಟ್ಟಿದ ಸಂಸ್ಥೆಯಿದು. 1947ರಲ್ಲಿ ವಿಠಲ ಮಲ್ಯರು ಇದರ ಮೊದಲ ಭಾರತೀಯ ನಿರ್ದೇಶಕರಾದರು. 2021ರಿಂದ ಡಚ್ಚರ ಹೈನೆಕೆನ್ ಸಂಸ್ಥೆಯ ವಶದಲ್ಲಿದೆ. ದೊಡ್ಡ ಕಾರ್ಖಾನೆಯ ಗುರಿ ಎಲ್ಲ ಸೀಸೆಯಲ್ಲಿಯೂ ಒಂದೇ ರುಚಿ. ಸಣ್ಣ ಶಾಲೆಯ ಆಕರ್ಷಣೆ ವೈವಿಧ್ಯ. ಎರಡಕ್ಕೂ ಕೌಶಲ ಬೇಕು. ಮನೆಯಲ್ಲಿ ತಯಾರಿಸುವುದಕ್ಕೆ ಮಾತ್ರ 1965ರ ಅಬಕಾರಿ ಶಾಸನದಂತೆ ಪರವಾನಗಿಯಿಲ್ಲದೆ ಅವಕಾಶವಿಲ್ಲ.

ಕುಡಿತದಿಂದ ಮನೆಗಳು ಹಾಳಾದುದನ್ನು ಕಣ್ಣಾರೆ ಕಂಡ ಸೀಮೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇವೆಂಬುದು ನಮಗೆ ಮರೆತಿಲ್ಲ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ನಿಟ್ಟುಸಿರುಬಿಟ್ಟ ಹೆಂಗಸರ ಮುಂದೆ ಆಸ್ವಾದದ ಮಾತನ್ನಾಡುವುದು ಸುಲಭವಲ್ಲ. ಮೇಲಿನ ಮಿತ್ರರ ತಾಯಿ ಮಗನ ಈ ಹವ್ಯಾಸವನ್ನು ಇಂದಿಗೂ ಒಪ್ಪಿಲ್ಲ. ಅವರ ವಾದಕ್ಕೆ ನಮ್ಮಲ್ಲಿ ಉತ್ತರವೂ ಇಲ್ಲ. ರುಚಿ ನೋಡುವವನು ನಾಲ್ಕು ಗುಟುಕಿಗೆ ನಿಲ್ಲಬೇಕು, ಏಕೆಂದರೆ ಆಮೇಲೆ ನಾಲಗೆ ಮಂದವಾಗುವುದು ಎಂಬಷ್ಟನ್ನು ಅನುಭವದಿಂದ ಹೇಳಬಲ್ಲೆವು.

ರುಚಿನೋಡುವ ಕ್ರಮ ಸರಳವಾದುದು. ಲೋಟವನ್ನು ಬೆಳಕಿಗೆ ಹಿಡಿದು ಬಣ್ಣವನ್ನೂ ನೊರೆ ನಿಲ್ಲುವ ಕಾಲವನ್ನೂ ನೋಡಬೇಕು. ಗುಟುಕಿಗೆ ಮೊದಲು ಮೂಸಬೇಕು. ಹಗುರವಾದುದರಿಂದ ತೊಡಗಿ ಗಾಢವಾದುದಕ್ಕೆ ಹೋಗಬೇಕು. ನಡುವೆ ನೀರು ಕುಡಿಯಬೇಕು. ತೀರ ತಣ್ಣಗಿದ್ದರೆ ಗಂಧ ಏಳುವುದಿಲ್ಲ. ತೋಚಿದ ಪದವನ್ನು ಪಕ್ಕದವರ ಮಾತು ಕಿವಿಗೆ ಬೀಳುವ ಮೊದಲೇ ಬರೆದುಕೊಳ್ಳುವುದು ಲೇಸು. ನಮ್ಮ ಮಿತ್ರರ ಕಿರುಪುಸ್ತಕದಲ್ಲಿ ಈಗ ಅಂಥ ಪದಗಳು ನಲವತ್ತರಷ್ಟಿವೆ. ಅವುಗಳಲ್ಲಿ ಇಂಗ್ಲಿಷಿನವು ಮೂರು.